ಫರ್ದರ್‌ಮೋರ್‌ಗೆ ಒಂದು ಕೆಂಪು ಸುತ್ತು

ಸಾಸಿವೆ ಸಿಡಿಯುವ ಹೊತ್ತಿಗೆ ಸರಿಯಾಗಿ ಬೆನ್ನ ಹಿಂದಿನಿಂದ ಯಾರಾದರೂ "ಫರ್ದರ್‌ಮೋರ್" ಅಂದರೆ ನಿಮಗೆ ಹೇಗಾಗುತ್ತದೋ ನನಗೆ ಗೊತ್ತಿಲ್ಲ. ನಮ್ಮ ಮುಳಬಾಗಿಲಿನ ಮನೆಯಲ್ಲಿ ಆ ಬೇಸಿಗೆಯೆಲ್ಲ ಅದೇ ಆಯಿತು. ನಾನು ಬಾಣಲೆ ಇಟ್ಟರೆ ಫರ್ದರ್‌ಮೋರ್. ಕರಿಬೇವು ಹಾಕಿದರೆ ನೆವರ್‌ದಿಲೆಸ್. ಸಾರು ಒಂದು ಕುದಿ ಬರುವಷ್ಟರಲ್ಲಿ ಮೋರ್‌ಓವರ್, ದೇರ್‌ಫೋರ್, ಆಸ್ ಎ ಕಾನ್ಸಿಕ್ವೆನ್ಸ್. ಹೇಳುತ್ತಿದ್ದವಳು ನನ್ನ ತಂಗಿಯ ಮಗಳು. ಕೈಯಲ್ಲಿ ಲ್ಯಾಮಿನೇಷನ್ ಮಾಡಿಸಿದ ಒಂದು ಹಾಳೆ. ಕಣ್ಣು ಮುಚ್ಚಿಕೊಂಡು ಅಡುಗೆಮನೆಯಿಂದ ಹಿತ್ತಲ ಬಾಗಿಲಿಗೆ, ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ, ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ ಓಡಾಡುತ್ತಿದ್ದಳು.

"ಏನೇ ಅದು, ಯಾವ ದೇವರ ಮಂತ್ರ?" ಅಂದೆ.

"ಲಿಂಕಿಂಗ್ ವರ್ಡ್ಸ್ ದೊಡ್ಡಮ್ಮ. ಒಂದು ವಾಕ್ಯಕ್ಕೂ ಇನ್ನೊಂದು ವಾಕ್ಯಕ್ಕೂ ಸಂಬಂಧ ಕೂಡಿಸೋ ಪದಗಳು."

"ಓಹೋ, ಮದುವೆ ಬ್ರೋಕರ್‌ಗಳು ಅನ್ನು."

ನಕ್ಕಳು. ಆಗ ಅವಳಿಗೆ ಇನ್ನೂ ನಗು ಬರುತ್ತಿತ್ತು.

ಅವಳದು ಶ್ರೀನಿವಾಸಪುರ. ನರ್ಸಿಂಗ್ ಓದಿ ನಮ್ಮೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿ, ನಮ್ಮ ಮನೆಯಲ್ಲೇ ಇದ್ದಳು. ಡ್ರಿಪ್ ಹಾಕು, ಬಿಪಿ ನೋಡು, ಹೆರಿಗೆಗೆ ನೀರು ಕಾಯಿಸು, ಇಷ್ಟೇ ಅಲ್ಲಿಯ ಕೆಲಸ. ಅವಳಿಗೆ ಐಸಿಯು ಕೆಲಸ ಕಲಿಯುವ ಹುಚ್ಚು. ಸಾಯೋ ಹಾಗಿರೋರ ಪಕ್ಕ ನಿಂತು ಅವರನ್ನ ಹಿಂದಕ್ಕೆ ಎಳಕೊಂಡು ಬರೋ ಕೆಲಸ ದೊಡ್ಡಮ್ಮ ಅದು, ಅನ್ನುತ್ತಿದ್ದಳು. ಐರ್ಲೆಂಡಿನ ಒಂದು ಆಸ್ಪತ್ರೆಯವರು ವಿಡಿಯೋದಲ್ಲಿ ಮಾತಾಡಿಸಿ ಅಂಥ ಕೆಲಸಕ್ಕೇ ಅವಳನ್ನು ಆರಿಸಿದ್ದರು. ಇನ್ನು ಬೇಕಾಗಿದ್ದದ್ದು ಇಂಗ್ಲಿಷ್ ಪರೀಕ್ಷೆಯ ಅಂಕ ಮಾತ್ರ. ಕೇಳುವುದು, ಓದುವುದು, ಮಾತಾಡುವುದು ಮೂರರಲ್ಲೂ ಹುಡುಗಿ ದಾಟಿದ್ದಳು. ಬರೆಯುವುದರಲ್ಲಿ ಅರ್ಧ ಅಂಕ ಕಮ್ಮಿ. ಎರಡನೇ ಸಲ ಕೂತಳು, ಮತ್ತೆ ಅದೇ ಅರ್ಧ. ಇನ್ನೊಂದೇ ಸಲ ಕಾಯುತ್ತೇವೆ, ಆಗಲಿಲ್ಲ ಅಂದರೆ ಆ ಜಾಗ ಬೇರೆಯವರಿಗೆ ಅಂತ ಆಸ್ಪತ್ರೆಯವರು ತಿಳಿಸಿದ್ದರು. ಅವರು ಮರ್ಯಾದೆಯಾಗಿಯೇ ಹೇಳಿದರು, ಅವರ ಮೇಲೆ ನನಗೆ ಸಿಟ್ಟಿಲ್ಲ.

ನನ್ನ ಸಿಟ್ಟೆಲ್ಲ ಕೋಲಾರದ ಮೇಷ್ಟ್ರ ಮೇಲೆ. ಇವತ್ತಿಗೂ ಆರಿಲ್ಲ, ಆರಿಸಿಕೊಳ್ಳುವ ಮನಸ್ಸೂ ಇಲ್ಲ.

ಕೋಲಾರದ ಬಸ್ ಸ್ಟ್ಯಾಂಡ್ ಹತ್ತಿರ, ಪಾತ್ರೆ ಅಂಗಡಿಯೊಂದರ ಮಹಡಿಯ ಮೇಲೆ ಆತನ ಕೋಚಿಂಗ್ ಕ್ಲಾಸು. ಮಾಲೂರಿಂದ, ಟೇಕಲ್‌ನಿಂದ, ಶ್ರೀನಿವಾಸಪುರದಿಂದ ಹುಡುಗಿಯರು ಬರುತ್ತಿದ್ದರು. ಎಲ್ಲರೂ ಹೆಚ್ಚುಕಮ್ಮಿ ನರ್ಸುಗಳೇ. ಡ್ಯೂಟಿ ಮುಗಿಸಿ, ಬಸ್ಸಿನಲ್ಲಿ ತೂಕಡಿಸಿಕೊಂಡು ಬಂದು ಅಲ್ಲಿ ಕೂರುವವರು. ಆತ ಅವರಿಗೆ ಕೊಟ್ಟಿದ್ದೇ ಆ ಲ್ಯಾಮಿನೇಷನ್ ಹಾಳೆ. ಪ್ರತಿ ವಾಕ್ಯವೂ ಅದರಲ್ಲಿನ ಒಂದು ಪದದಿಂದಲೇ ಶುರುವಾಗಬೇಕು, ಒಂದು ಸಲ ಬಂದ ಪದ ಮತ್ತೆ ಬರಬಾರದು, ಎಷ್ಟು ಉದ್ದದ ಪದ ಇದ್ದರೆ ಅಷ್ಟು ಅಂಕ ಅಂತ ಆತನ ಕಟ್ಟಪ್ಪಣೆ. ಎರಡನೇ ಸಲ ಅರ್ಧ ಅಂಕ ಹೋದಾಗ ಆತ ಹೇಳಿದ್ದು ಒಂದೇ ಮಾತು. "ಲಿಂಕರ್ಸ್ ಸಾಲಲಿಲ್ಲ. ಇನ್ನೂ ಹಾಕು."

ಭೇದಿಯಾದವನಿಗೆ ಹರಳೆಣ್ಣೆ ಕುಡಿಸಿದ ಹಾಗೆ.

ನನಗೆ ಇದು ಯಾಕೆ ಇಷ್ಟು ಚುಚ್ಚಿತು ಅಂತ ಹೇಳಬೇಕಾದರೆ ಬೈರಕೂರಿನ ನಮ್ಮ ತಾತನ ವಿಷಯ ಹೇಳಬೇಕು. ನನಗೆ ಮಾತು ಬಂದದ್ದು ಶಾಲೆಯಿಂದ ಅಲ್ಲ, ಅವರಿಂದ. ಬೈರಕೂರು ಅಂದರೆ ಆಂಧ್ರ ಕೂಗಳತೆಯಲ್ಲಿ. ತಾತನ ವಾಕ್ಯ ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮನೆ ಸೇರುತ್ತಿತ್ತು. ಮಾವಿನಕಾಯಿ ಕಾಲದಲ್ಲಿ ತೋಪಿನಿಂದ ಬಂದು ಜಗುಲಿಯ ಮೇಲೆ ಕೂತರೆ ಮೊಮ್ಮಕ್ಕಳಿಗೆಲ್ಲ ಕಥೆ. ಕಥೆ ಕೇಳುವವರು ಹ್ಞೂಂ ಅನ್ನುತ್ತಿರಬೇಕು, ಇದು ಎಲ್ಲ ಊರಲ್ಲೂ ಇರುವ ಪದ್ಧತಿಯೇ. ಆದರೆ ನಮ್ಮ ತಾತನದು ಇನ್ನೂ ಒಂದು ಕೈ ಮುಂದೆ. ಕಥೆ ಚೆನ್ನಾಗಿ ಓಡುತ್ತಿರುವಾಗ ನಡುವೆ ಒಂದು ಸುಳ್ಳು ಬೆಸುಗೆ ಹಾಕಿಬಿಡೋರು.

"ರಾಜನ ಕುದುರೆ ಕುಂಟ್ತು."

"ಹ್ಞೂಂ."

"ಅದಕ್ಕೇ ರಾಣಿ ಸೊಸೇನ ತವರಿಗೆ ಕಳಿಸ್ಬಿಟ್ಲು."

"ಹ್ಞೂಂ."

"ಎಂದುಕೇ?"

ಯಾಕೇ ಅಂತ. ಅಲ್ಲಿಗೆ ಕಥೆ ನಿಂತಿತು. ಹ್ಞೂಂ ಅಂದವಳು ಕಾರಣ ಹೇಳಬೇಕು. ಕುದುರೆ ಕುಂಟಿದ್ದಕ್ಕೂ ಸೊಸೆ ತವರಿಗೆ ಹೋದದ್ದಕ್ಕೂ ಏನು ಸಂಬಂಧ? ಹೇಳಲಾಗದಿದ್ದರೆ ಆವತ್ತಿನ ಕಥೆ ಅಷ್ಟೇ, ತಾತ ಟವೆಲ್ ಕೊಡವಿಕೊಂಡು ಎದ್ದುಬಿಡೋರು. ಉಳಿದ ಮಕ್ಕಳು ಸುಮ್ಮನೆ ಬಿಡುತ್ತಾರೆಯೇ? ಕತ್ತಲಾಗುವ ತನಕ ಗುದ್ದು. ಹೀಗಾಗಿ ನಮ್ಮ ಮನೆಯ ಮಕ್ಕಳಿಗೆ ಓದು ಬರುವ ಮುಂಚೆಯೇ ಒಂದು ವಿದ್ಯೆ ಬಂತು. ಒಂದು ಮಾತಿನ ಹಿಂದೆ ಇನ್ನೊಂದು ಮಾತು ಬಂದರೆ ಅದು ಹೆತ್ತ ಮಗುವೋ, ಬೀದಿಯಲ್ಲಿ ಹಿಂದೆ ಬಿದ್ದು ಬಂದ ನಾಯಿಮರಿಯೋ ಅಂತ ಕಿವಿಯೇ ಹೇಳುತ್ತಿತ್ತು. ಹ್ಞೂಂ ಅನ್ನೋದು ಹೆಬ್ಬೆಟ್ಟು ಒತ್ತಿದ ಹಾಗೆ, ನೋಡಿ ಒತ್ತಿ ಅನ್ನೋರು ತಾತ.

ಒಂದು ಭಾನುವಾರ ಹುಡುಗಿ ಸುಸ್ತಾಗಿ ಬಂದು ಬ್ಯಾಗು ಎಸೆದು ಮಲಗಿದ್ದಳು. ಬ್ಯಾಗಿನಿಂದ ಮೇಷ್ಟ್ರು ತಿದ್ದಿಕೊಟ್ಟ ಪ್ರಬಂಧದ ಹಾಳೆಗಳು ಹೊರಗೆ ಬಂದಿದ್ದವು. ನನ್ನ ಇಂಗ್ಲಿಷ್ ಪಿಯುಸಿ ಮಟ್ಟದ್ದು, ಪೇಪರ್ ಓದುವಷ್ಟು ಇದೆ. ಎತ್ತಿಕೊಂಡು ಓದಿದೆ. ನಗರಗಳಲ್ಲಿ ವಾಹನ ಸಂದಣಿ ಅನ್ನುವ ವಿಷಯ. ಪ್ರತಿ ಸಾಲಿನ ತಲೆಯ ಮೇಲೂ ಒಂದೊಂದು ಉದ್ದದ ಪದ, ಪ್ರತಿ ಪದಕ್ಕೂ ಕೆಂಪು ಪೆನ್ನಿನ ಸುತ್ತು. ವಾಹನ ಹೆಚ್ಚಾಗಿದೆ. ಮೋರ್‌ಓವರ್ ಹೊಗೆ ಹೆಚ್ಚಾಗಿದೆ. ದೇರ್‌ಫೋರ್ ಜನ ನಗರಕ್ಕೆ ಬರುತ್ತಾರೆ. ಹೊಗೆ ಇದೆ ಅಂತ ಜನ ಬರುತ್ತಾರಾ? ನನ್ನ ಬಾಯಿಗೆ ಹ್ಞೂಂ ಬರಲಿಲ್ಲ. ಮುಂದೆ ಹೋದೆ. ಅಲ್ಲಿತ್ತು ನೋಡಿ.

ಫರ್ದರ್‌ಮೋರ್, ಬೆಳಗಿನಿಂದ ಮೂತ್ರ ಹೋಗಿಲ್ಲ, ಡಾಕ್ಟರಿಗೆ ತಿಳಿಸಬೇಕು.

ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಅದೇ ಇತ್ತು. ವಾಹನ ಸಂದಣಿಯ ನಟ್ಟನಡುವೆ ಮೂತ್ರ ಹೋಗದ ಒಬ್ಬ ರೋಗಿ. ಫರ್ದರ್‌ಮೋರ್ ಸುತ್ತ ಒಂದು ಕೆಂಪು ಸುತ್ತು, ಪಕ್ಕದಲ್ಲಿ ಅಂಚಿಗೆ "ಗುಡ್".

ಎಬ್ಬಿಸಿದೆ. "ಲೇ, ಎದ್ದೇಳೇ. ಇದೇನೇ ಬರ್ದಿದೀಯ?"

ಕಣ್ಣುಜ್ಜಿಕೊಂಡು ನೋಡಿದಳು. ಮೊದಲು ನಕ್ಕಳು. ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಅಯ್ಯೋ ದೊಡ್ಡಮ್ಮ. ಆವತ್ತು ಡ್ಯೂಟಿ ಮುಗಿಸಿ ಬಸ್ಸಲ್ಲಿ ಬರೆದೆ. ನಿದ್ದೆಗಣ್ಣು. ಬೆಳಗಿಂದ ತಲೇಲಿ ಆ ಹೆಂಗಸಿಂದೇ ಚಿಂತೆ ಇತ್ತು, ಕೈ ಅದನ್ನೇ ಬರ್ದ್ಬಿಟ್ಟಿದೆ."

"ನಿಂದು ಇರ್ಲಿ. ಅವನು ಗುಡ್ ಅಂತ ಯಾಕೆ ಹಾಕ್ದ?"

ಹಾಳೆ ತಿರುಗಿಸಿದಳು, ಇನ್ನೊಂದು ಹಾಳೆ ನೋಡಿದಳು. ಅವಳ ಮುಖ ಸಣ್ಣದಾಯಿತು. ಆತ ಸಾಲಿನ ಮೊದಲ ಪದ ಬಿಟ್ಟು ಬೇರೇನನ್ನೂ ಓದುತ್ತಿರಲಿಲ್ಲ ಅನ್ನುವುದು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಎಡಗಡೆ ಅಂಚಿನಲ್ಲಿ ಮೇಲಿಂದ ಕೆಳಗೆ ಪೆನ್ನು ಇಳಿಸಿಕೊಂಡು ಬರೋದು, ಪದಕ್ಕೆ ಸುತ್ತು ಹಾಕೋದು, ಗುಡ್ ಅನ್ನೋದು. ಹುಡುಗಿ ನಿದ್ದೆಗೆಟ್ಟು ಬರೆದದ್ದನ್ನು ಒಬ್ಬರೂ ಓದಿರಲಿಲ್ಲ. ಎರಡು ಸಲ ಅರ್ಧ ಅಂಕ ಎಲ್ಲಿ ಹೋಯಿತು ಅಂತ ಅತ್ತು ಅತ್ತು ಕಣ್ಣು ಊದಿಸಿಕೊಂಡವಳಿಗೆ ಹೇಳುವವರೇ ಇರಲಿಲ್ಲ, ಯಾಕಂದರೆ ನೋಡಿದವರೇ ಇರಲಿಲ್ಲ.

ಪಕ್ಕದ ಮನೆಯ ಭಾಬಿ ಕಾಂಪೌಂಡ್ ಮೇಲಿಂದ ಇಣುಕಿದರು. ಅವರ ಯಜಮಾನರಿಗೆ ಟೈಲರಿಂಗ್ ಅಂಗಡಿ, ಮಗಳು ನರ್ಸಿಂಗ್ ಕೊನೇ ವರ್ಷ. "ಕ್ಯಾ ಹುವಾ ಅಕ್ಕಾ? ಯಾರಿಗೆ ಬೈತಾ ಇದೀರಿ, ಬೀದೀಗೆಲ್ಲ ಕೇಳ್ತಾ ಇದೆ."

"ಇನ್ನೂ ಬೈದಿಲ್ಲ ಭಾಬಿ. ನಾಳೆ ಕೋಲಾರಕ್ಕೆ ಹೋಗಿ ಬೈತೀನಿ."

ಹುಡುಗಿ ಬೇಡ ಅಂದಳು. ಸಾರ್ ಬೇಜಾರು ಮಾಡ್ಕೊಂತಾರೆ, ಮುಂದಿನ ತಿಂಗಳೇ ಪರೀಕ್ಷೆ, ಅಂದಳು. ನಾನು ಕೇಳಲಿಲ್ಲ. ಮಾರನೇ ದಿನ ಅವಳ ಜೊತೆಗೇ ಬಸ್ ಹತ್ತಿದೆ.

ಮೇಷ್ಟ್ರು ಇನ್ನೂ ಹುಡುಗ. ಟೈ ಕಟ್ಟಿದ್ದ. ಟಿಫಿನ್ ಬಾಕ್ಸಿನಲ್ಲಿ ಚಿತ್ರಾನ್ನ ತಿನ್ನುತ್ತಿದ್ದ, ನನ್ನನ್ನು ನೋಡಿದ ಕೂಡಲೇ ಎದ್ದು ಕುರ್ಚಿ ಎಳೆದು ಕೊಟ್ಟ. "ಬನ್ನಿ ಮೇಡಮ್, ಕೂತ್ಕೊಳ್ಳಿ, ಊಟ ಆಯ್ತಾ?" ಅಂದ. ಯಾರ ಮನೆಯ ಮಗುವೋ, ಇಷ್ಟು ಹೊತ್ತಿಗೆ ತಣ್ಣಗಿನ ಅನ್ನ ತಿನ್ನುತ್ತಿದೆ ಅಂತ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ? ಆ ಕ್ಷಣ ಆತ "ತಪ್ಪಾಯ್ತು" ಅಂದಿದ್ದರೆ ನಾನೇ ಮೊಸರು ತರಿಸಿ ಕೊಟ್ಟು ಬರುತ್ತಿದ್ದೆ.

ಹಾಳೆ ಮುಂದಿಟ್ಟೆ. "ಇದನ್ನ ನೀವು ಓದಿದೀರಾ?"

"ಕರೆಕ್ಷನ್ ಮಾಡಿದೀನಲ್ಲ ಮೇಡಮ್."

"ಸ್ವಲ್ಪ ಜೋರಾಗಿ ಓದಿ. ನನ್ನ ಕಣ್ಣು ಮಂಜು."

ಓದಿದ. ಹಿಂದೆ ಕೂತ ಹುಡುಗಿಯರು ಕೇಳುತ್ತಿದ್ದರು. ಫರ್ದರ್‌ಮೋರ್ ತನಕ ಬಂದ, ಅದರ ಮುಂದಿನದಕ್ಕೆ ಬಂದ, ನಿಂತ. ಕಿವಿ ಕೆಂಪಾಯಿತು. ಒಬ್ಬಳು ಹುಡುಗಿ ಕಿಸಕ್ ಅಂದಳು.

"ಇದು ಚಿಕ್ಕ ಸ್ಲಿಪ್ ಮೇಡಮ್. ನಾವು ಮೇನ್ ಆಗಿ ಸ್ಟ್ರಕ್ಚರ್ ನೋಡ್ತೀವಿ. ಲಿಂಕರ್ಸ್ ಕರೆಕ್ಟಾಗಿದ್ರೆ ಕಂಟೆಂಟ್ ತಾನಾಗೇ ಕೂತ್ಕೊಳುತ್ತೆ."

"ಕೂತ್ಕೊಂಡಿದೆಯಾ ಇಲ್ಲಿ?"

"ನೋಡಿ ಮೇಡಮ್, ತಪ್ಪು ತಿಳ್ಕೊಬೇಡಿ." ಆತ ದನಿ ಇಳಿಸಿದ, ಹಿತ ಹೇಳುವವನ ಹಾಗೆ. "ಈ ಕಡೆ ಮಕ್ಕಳಿಗೆ ಒಂದು ಪ್ರಾಬ್ಲಮ್ ಇದೆ. ಮನೇಲಿ ಅರ್ಧ ತೆಲುಗು, ಅರ್ಧ ಕನ್ನಡ. ಒಂದು ಭಾಷೇನೂ ನೆಟ್ಟಗೆ ಇಲ್ಲ. ಯೋಚನೇಲೇ ಲಿಂಕ್ ಇರಲ್ಲ. ಅದಕ್ಕೇ ನಾವು ಹೊರಗಿಂದ ಲಿಂಕ್ ಹಾಕ್ಬೇಕಾಗತ್ತೆ."

ಯೋಚನೇಲೇ ಲಿಂಕ್ ಇರಲ್ಲ. ಆ ಮಾತು ಕೇಳಿದ ಮೇಲೆ ಚಿತ್ರಾನ್ನದ ಮೇಲಿನ ನನ್ನ ಕರುಣೆ ಎಲ್ಲಿ ಹೋಯಿತೋ! ನಮ್ಮ ತಾತನ ಜಗುಲಿಯ ಮೇಲೆ ಆ ಮಾತು ಒಂದು ನಿಮಿಷ ಉಳಿಯುತ್ತಿರಲಿಲ್ಲ. ಈ ಸೀಮೆಯಲ್ಲಿ ಸೊಪ್ಪು ಮಾರುವವಳು ಒಂದೇ ಉಸಿರಿನಲ್ಲಿ ಗಿರಾಕಿಗೆ ತೆಲುಗಿನಲ್ಲಿ ಬೆಲೆ ಹೇಳಿ, ಮಗನಿಗೆ ಕನ್ನಡದಲ್ಲಿ ಬೈದು, ಪಕ್ಕದ ಸಾಬರಿಗೆ ಉರ್ದುವಿನಲ್ಲಿ ಸಲಾಮು ಹೇಳುತ್ತಾಳೆ. ಒಂದು ಕೊಂಡಿಯೂ ಕಳಚುವುದಿಲ್ಲ. ಮಾತು ಎರಡು ಭಾಷೆಯಲ್ಲಿ ಇದ್ದರೆ ಬುದ್ಧಿ ಅರ್ಧ ಅಂತ ಇವನಿಗೆ ಯಾರು ಹೇಳಿದರು?

ಎದ್ದು ನಿಂತೆ. "ಸರಿ ಸ್ವಾಮಿ. ನಿಮ್ಮ ವಿಧಾನದಲ್ಲೇ ಮಾತಾಡ್ತೀನಿ, ತಪ್ಪಿದ್ರೆ ತಿದ್ದಿ. ನಾನು ಮುಳಬಾಗಿಲಲ್ಲಿ ಬಸ್ ಹತ್ತಿದೆ. ಮೋರ್‌ಓವರ್ ನನಗೆ ಮೊಣಕಾಲು ನೋವು. ದೇರ್‌ಫೋರ್ ಕೋಲಾರದಲ್ಲಿ ಪಾತ್ರೆ ಅಂಗಡಿ ಇದೆ. ನೆವರ್‌ದಿಲೆಸ್ ನೀವು ಚಿತ್ರಾನ್ನ ತಿಂದ್ರಿ. ಆಸ್ ಎ ಕಾನ್ಸಿಕ್ವೆನ್ಸ್ ನೀವು ಮೇಷ್ಟ್ರು. ಎಷ್ಟು ಸುತ್ತು ಹಾಕ್ತೀರಿ ನನಗೆ? ಗುಡ್ ಅಂತೀರೋ, ವೆರಿ ಗುಡ್ ಅಂತೀರೋ?"

ಕ್ಲಾಸು ನಕ್ಕಿತು, ಟೇಕಲ್ ಹುಡುಗಿಯೊಬ್ಬಳು ಬೆಂಚು ಗುದ್ದಿ ನಕ್ಕಳು. ನಗದೆ ಇದ್ದವಳು ನಮ್ಮ ಹುಡುಗಿ ಒಬ್ಬಳೇ. ನೆಲ ನೋಡುತ್ತಾ ನಿಂತಿದ್ದಳು.

ಆತ ಟಿಫಿನ್ ಬಾಕ್ಸಿನ ಮುಚ್ಚಳ ಹಾಕಿದ. "ಮೇಡಮ್, ನಿಮಗೆ ರಿಸಲ್ಟ್ ಬೇಕಾ, ಕಥೆ ಬೇಕಾ?" ಅಂದ.

ಇಬ್ಬರೂ ವಾಪಸ್ ಬಸ್ ಹತ್ತಿದೆವು. ಮಂಡಿಕಲ್ ದಾಟುವ ತನಕ ಅವಳದು ಕಿಟಕಿಯ ಕಡೆಗೇ ಮುಖ. ಆಮೇಲೆ ತಿರುಗಿದಳು, ಕಣ್ಣು ತುಂಬಾ ನೀರು, ನೀರಿನ ಹಿಂದೆ ಬೆಂಕಿ.

"ಚೆನ್ನಾಗಿ ಮಾತಾಡಿದ್ರಿ ದೊಡ್ಡಮ್ಮ. ಎಲ್ರೂ ನಕ್ಕರು. ನೀವು ಗೆದ್ರಿ. ಇನ್ನು ನಾನು ಎಲ್ಲಿಗೆ ಹೋಗ್ಲಿ? ಆ ಹಾಳೆ ಬಿಟ್ರೆ ನನ್ನ ಕೈಯಲ್ಲಿ ಏನಿದೆ?"

"ಅವನು ಓದೇ ಇಲ್ಲ ಕಣೇ ನಿನ್ನ..."

"ಗೊತ್ತು! ನಂಗೂ ಕಣ್ಣಿದೆ. ಆದ್ರೆ ನೀವು ಪರೀಕ್ಷೆ ಬರೀತೀರಾ? ಸೋತಿರೋಳು ನಾನು. ನಿಮಗೆ ಇದು ಒಂದು ಕಥೆ. ನನಗೆ ಇದು ಬದುಕು."

ಆಮೇಲೆ ಕೆಲವು ದಿನ ಅವಳು ಮನೆಯಲ್ಲಿ ನೆಂಟರ ಹಾಗೆ ಇದ್ದಳು. ಊಟಕ್ಕೆ ಬಾ ಅಂದರೆ ಬರೋಳು, ತಿಂದು ತಟ್ಟೆ ತೊಳೆದಿಟ್ಟು ಹೋಗೋಳು. ಅಡುಗೆಮನೆಯಲ್ಲಿ ಫರ್ದರ್‌ಮೋರ್ ಮತ್ತೆ ಶುರುವಾಯಿತು, ಈಗ ಪಿಸುದನಿಯಲ್ಲಿ. ಅದು ಇನ್ನೂ ಕೆಟ್ಟದಾಗಿತ್ತು. ಭಯದ ಮಂತ್ರ ಅದು. ದೆವ್ವ ಓಡಿಸೋಕೆ ಹೇಳಿಕೊಳ್ಳುವ ಹಾಗೆ ಹೇಳಿಕೊಳ್ಳುತ್ತಿದ್ದಳು.

ಒಂದು ಸಾಯಂಕಾಲ ನಾನು ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಅವಳು ಡ್ಯೂಟಿಯಿಂದ ಆಗ ತಾನೇ ಬಂದವಳು ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲಿ ನಿಂತು, ತನ್ನ ನಂತರದ ಪಾಳಿಯ ನರ್ಸಿಗೆ ಫೋನ್ ಮಾಡಿದಳು. ಹೊರಡುವ ಆತುರದಲ್ಲಿ ಏನೋ ಹೇಳಲು ಮರೆತಿದ್ದಳು.

"ಲೇ, ಮೂರನೇ ಮಂಚದ ಅಜ್ಜಿ ಇದಾರಲ್ಲ, ಜ್ವರ ಇಳ್ದಿದೆ, ಆದ್ರೆ ಮಧ್ಯಾಹ್ನದಿಂದ ಒಂದು ತುತ್ತೂ ತಿಂದಿಲ್ಲ. ಅದಕ್ಕೇ ಈಗಿನ ಇನ್ಸುಲಿನ್ ಕೊಡೋ ಮುಂಚೆ ಡಾಕ್ಟರ್‌ನ ಕೇಳು. ಮಗ ಬಂದು ತಿಂದಿದಾರೆ ಅಂತಾನೆ, ನಂಬಬೇಡ, ಯಾಕಂದ್ರೆ ಅಜ್ಜಿ ಮಗನ ಸಮಾಧಾನಕ್ಕೆ ತಟ್ಟೇಲಿರೋದನ್ನ ಮುಚ್ಚಿಡ್ತಾರೆ. ಮಂಚದ ಕೆಳಗೆ ನೋಡು. ಸರೇನಾ?"

ಅವಳು ಹೇಳಿದ್ದು ಕನ್ನಡ, ತೆಲುಗು, ಇಂಗ್ಲಿಷ್ ಮೂರೂ ಕಲಸಿ, ನಿಮಗಾಗಿ ನಾನು ಕನ್ನಡ ಮಾಡಿದ್ದೇನೆ. ನಾನು ಸೊಪ್ಪಿನ ಕಟ್ಟು ಕೈಯಲ್ಲಿ ಹಿಡಿದುಕೊಂಡೇ ಒಂದೊಂದು ಕೊಂಡಿಗೂ ಹ್ಞೂಂ ಅಂದಿದ್ದೆ, ನನಗೇ ಗೊತ್ತಿಲ್ಲದ ಹಾಗೆ.

"ಏನು ದೊಡ್ಡಮ್ಮ ಹ್ಞೂಂ ಹ್ಞೂಂ ಅಂತೀರಿ?" ಇನ್ನೂ ಸಿಟ್ಟಿತ್ತು ದನಿಯಲ್ಲಿ.

"ಈಗ ಹೇಳಿದ್ಯಲ್ಲ, ಅದರಲ್ಲಿ 'ಅದಕ್ಕೇ' ಅನ್ನೋದನ್ನ ತೆಗಿ. ಅಲ್ಲಿ ನಿಮ್ಮ ಸಾರ್ ಹಾಳೆಯಿಂದ ಒಂದು ಮೋರ್‌ಓವರ್ ಹಾಕು. ಹಾಕಿ ಹೇಳು."

ಏನೋ ಹೇಳಲು ಬಾಯಿ ತೆರೆದಳು, ತುಟಿ ಆಡಿಸಿದಳು. ತಿಂದಿಲ್ಲ, ಮೋರ್‌ಓವರ್ ಇನ್ಸುಲಿನ್... ಅಲ್ಲೇ ನಿಂತಳು.

"ಅಯ್ಯಪ್ಪಾ. ಹಂಗೆ ಹೇಳಿದ್ರೆ ಅವಳು ಕೊಟ್ಬಿಡ್ತಾಳೆ ದೊಡ್ಡಮ್ಮ. ಹೊಟ್ಟೇಲಿ ಏನೂ ಇಲ್ದೆ ಇನ್ಸುಲಿನ್ ಬಿದ್ರೆ ಶುಗರ್ ಇಳಿದು ಅಜ್ಜಿ ಹೋಗ್ಬಿಡ್ತಾರೆ."

"ಹ್ಞೂಂ," ಅಂದೆ ನಾನು.

ಚಪ್ಪಲಿ ಬಿಟ್ಟು ಒಳಗೆ ಬಂದಳು. ನನ್ನ ಎದುರು ಕೂತು ಸೊಪ್ಪಿಗೆ ಕೈ ಹಾಕಿದಳು. ಒಂದು ಕಟ್ಟು ಬಿಡಿಸಿ ಮುಗಿಸಿ, "ವಾರ್ಡಲ್ಲಿ ನಾನು ಯಾವತ್ತೂ ಸುಮ್ಮನೆ 'ಅದಕ್ಕೇ' ಅಂದೋಳಲ್ಲ," ಅಂದಳು. ಹೆಮ್ಮೆಗೆ ಹೇಳಿದ್ದಲ್ಲ, ತನಗೆ ತಾನೇ ಹೇಳಿಕೊಂಡದ್ದು. ನಾನು ಕೋಲಾರದಲ್ಲಿ ಕೂಗಾಡಿ ಮಾಡಲಾಗದ ಕೆಲಸವನ್ನು ಮೂರನೇ ಮಂಚದ ಅಜ್ಜಿ ಮಾಡಿದರು.

ಆವತ್ತಿನಿಂದ ಅವಳು ಮೇಷ್ಟ್ರ ಕ್ಲಾಸಿಗೆ ಹೋಗಲಿಲ್ಲ. ಹಳೆಯ ಪ್ರಶ್ನೆ ಒಂದು ತೆಗೆದುಕೊಂಡು ಮೊದಲು ನನಗೆ ನಮ್ಮ ಮಾತಿನಲ್ಲಿ ಹೇಳಬೇಕು, ಪಾಳಿ ಬದಲಾಗುವಾಗ ರೋಗಿಯನ್ನು ಇನ್ನೊಬ್ಬಳ ಕೈಗೆ ಒಪ್ಪಿಸುವ ಹಾಗೆ. ನಾನು ಹ್ಞೂಂ ಅನ್ನಬೇಕು, ಇಲ್ಲ ಎಂದುಕೇ ಅನ್ನಬೇಕು. ಎಲ್ಲ ಕೊಂಡಿಗೂ ಹ್ಞೂಂ ಬಿದ್ದ ಮೇಲೆ ಕೂತು ಇಂಗ್ಲಿಷಿನಲ್ಲಿ ಬರೆಯುವುದು. ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. ಜಗಳಕ್ಕೆ ಲೆಕ್ಕವಿಲ್ಲ.

"ಊರಲ್ಲಿ ಮರ ಕಡಿದ್ರು, ಅದಕ್ಕೇ ಸೆಕೆ ಜಾಸ್ತಿ ಆಯ್ತು."

"ಹ್ಞೂಂ."

"ಅದಕ್ಕೇ ಸರ್ಕಾರ ಶಾಲೆಗಳನ್ನ ಜಾಸ್ತಿ ಮಾಡಬೇಕು."

"ಎಂದುಕೇ?"

"ಶಾಲೇಲಿ ಮರದ ವಿಷಯ ಹೇಳ್ಕೊಡ್ತಾರಲ್ಲ..."

"ಹೇಳ್ದೆಯಾ ಅದನ್ನ?"

"ಗೊತ್ತಾಗಲ್ವಾ ಅಷ್ಟೂ? ಸಾಕು ಹೋಗಿ ದೊಡ್ಡಮ್ಮ, ನಿಮ್ಮ ತಾತನ ಜಗುಲೀಲಿ ನೀವು ತಿಂದ ಗುದ್ದನ್ನೆಲ್ಲ ನನ್ನ ಮೇಲೆ ತೀರಿಸ್ಕೊತಾ ಇದೀರಿ!"

ಭಾಬಿ ಗೋಡೆಯಾಚೆಯಿಂದ, "ಗುಸ್ಸಾ ನಕ್ಕೋ ಬೇಟಿ, ಸಿಟ್ಟು ಮಾಡ್ಬೇಡ, ದೊಡ್ಡಮ್ಮಂಗೆ ಚಾ ಕೊಡು, ಹ್ಞೂಂ ಅಂತಾರೆ," ಅನ್ನೋರು. ಒಂದು ದಿನ ನಾನು ಹಾಲು ಉಕ್ಕುವುದನ್ನು ನೋಡುತ್ತಾ ಯಾವುದಕ್ಕೋ ಹ್ಞೂಂ ಅಂದುಬಿಟ್ಟೆ. ಅವಳು ಪಟ್ಟನೆ ಹಿಡಿದಳು. "ಎಂದುಕು ದೊಡ್ಡಮ್ಮ? ಹೇಳಿ ನೋಡೋಣ." ಬೇಕಂತಲೇ ಸುಳ್ಳು ಬೆಸುಗೆ ಹಾಕಿದ್ದಳು. ಸಿಕ್ಕಿಬಿದ್ದೆ. ಹುಡುಗಿ ತಾತನ ಆಟ ಕಲಿತಳಲ್ಲ ಅನ್ನುವ ಸಂತೋಷಕ್ಕೆ ಹಾಲು ಒಲೆಯ ಮೇಲೆ ಹರಿದದ್ದೂ ತಿಳಿಯಲಿಲ್ಲ.

ಆ ಉದ್ದುದ್ದ ಪದಗಳನ್ನೆಲ್ಲ ಅವಳೇನೂ ಎಸೆಯಲಿಲ್ಲ. ಹೌಎವರ್ ಅನ್ನುವುದಕ್ಕೂ ಒಂದು ಕೆಲಸ ಇದೆ ದೊಡ್ಡಮ್ಮ, ಆ ಕೆಲಸ ಇರೋ ಕಡೆ ಕರೀತೀನಿ, ಇಲ್ಲದ ಕಡೆ ಮನೇಲಿ ಇರಲಿ, ಅಂದಳು. ಅಷ್ಟು ಸಾಕಾಗಿತ್ತು ನನಗೆ. ಪರೀಕ್ಷೆಗೆ ಬೆಂಗಳೂರಿಗೆ ಒಬ್ಬಳೇ ಹೋದಳು. ನೀವು ಬಂದ್ರೆ ಅಲ್ಲೂ ಯಾರಿಗಾದ್ರೂ ಬೈತೀರಿ ಅಂತ ನನ್ನನ್ನು ಬಿಟ್ಟು ಹೋದಳು.

ಫಲಿತಾಂಶ ಬಂದ ದಿನ ಯೂನಿಫಾರಂನಲ್ಲೇ ಬೀದಿಯಲ್ಲಿ ಓಡಿಬಂದಳು. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಾ ಫೋನು ನನ್ನ ಮುಖಕ್ಕೆ ಹಿಡಿದಳು. ಬೇಕಿದ್ದಷ್ಟು ಬಂದಿತ್ತು, ಬರೆಯುವುದರಲ್ಲಿ ಬೇಕಾದ್ದಕ್ಕಿಂತ ಒಂದು ಚೂರು ಜಾಸ್ತಿಯೇ. ಭಾಬಿ ಶಾವಿಗೆ ಪಾಯಸ ಕಳಿಸಿದರು. ನನ್ನ ತಂಗಿ ಶ್ರೀನಿವಾಸಪುರದಿಂದ ಫೋನಿನಲ್ಲೇ ಅತ್ತಳು. ನನ್ನ ಸಿಟ್ಟು ಅಲ್ಲಿಗೆ ಇಳಿಯಬೇಕಾಗಿತ್ತು. ಇಳಿಯುತ್ತಿತ್ತು ಕೂಡ.

ವೀಸಾ ಕೆಲಸ ನಡೆಯುತ್ತಿದ್ದಾಗ ಒಂದು ದಿನ ಭಾಬಿ ನಗುನಗುತ್ತಾ ಬಂದರು. "ಅಕ್ಕಾ, ನಮ್ಮ ಹುಡುಗೀನೂ ಕೋಲಾರದ ಕ್ಲಾಸಿಗೆ ಸೇರ್ಸಿದ್ವಿ."

"ಯಾವ ಕ್ಲಾಸು?"

"ಅದೇ, ನಿಮ್ಮ ಹುಡುಗೀದು. ಬಸ್ ಸ್ಟ್ಯಾಂಡಲ್ಲಿ ಇಷ್ಟು ದೊಡ್ಡ ಫ್ಲೆಕ್ಸು ಹಾಕಿದಾರೆ, ನೀವು ನೋಡಿಲ್ವಾ? ಬೇಟಿ ಫೋಟೋ ಇದೆ. ನಮ್ಮ ಯಜಮಾನರು ನೋಡಿ ಅಲ್ಲೇ ಹೋಗಿ ಸೇರ್ಸಿ ಬಂದ್ರು. ಅವಳಿಗೆ ಹೇಳ್ಕೊಟ್ಟವರು ನಮ್ಮವಳಿಗೂ ಹೇಳ್ಕೊಡ್ತಾರೆ ಅಂತ."

ಗೋಡೆಯಾಚೆಯಿಂದ ನಮ್ಮ ಹ್ಞೂಂಗಳನ್ನೆಲ್ಲ ಕೇಳಿಸಿಕೊಂಡಿದ್ದ ಭಾಬಿಯೇ ಹೀಗೆ ಅಂದಮೇಲೆ ಬೇರೆಯವರ ಮಾತೇನು? ಅಲ್ಲಿ ಕೇಳಿದ್ದು ಮನೆಯ ಜಗಳ, ಫ್ಲೆಕ್ಸಿನಲ್ಲಿ ಕಂಡದ್ದು ವಿದ್ಯೆ. ಒಳಗೆ ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದ ಹುಡುಗಿ ಎಲ್ಲ ಕೇಳಿಸಿಕೊಂಡಿದ್ದಳು. ಇಸ್ತ್ರಿಪೆಟ್ಟಿಗೆ ಆರಿಸಿ ಹೊರಗೆ ಬಂದಳು. ಭಾಬಿಯ ಮಗಳನ್ನು ಕರೆದು, "ನಡಿ, ಕೋಲಾರಕ್ಕೆ ಹೋಗಿ ಬರೋಣ," ಅಂದಳು. ನಾನೂ ಸೀರೆ ಸರಿಮಾಡಿಕೊಂಡು ಹೊರಟೆ.

"ಬನ್ನಿ. ಆದ್ರೆ ಮಹಡಿ ಹತ್ತಬೇಡಿ. ಕೆಳಗೆ ಪಾತ್ರೆ ಅಂಗಡೀಲಿ ಕೂತಿರಿ. ಇದು ನನ್ನ ಫೋಟೋ."

ಫ್ಲೆಕ್ಸು ಬಸ್ ಸ್ಟ್ಯಾಂಡಿನ ಎದುರಿಗೇ ಇತ್ತು. ಅವಳು ಕ್ಲಾಸಿಗೆ ಸೇರುವಾಗ ಕೊಟ್ಟಿದ್ದ ಪಾಸ್‌ಪೋರ್ಟ್ ಅಳತೆಯ ಫೋಟೋವನ್ನು ಬಾಗಿಲಗಲ ಹಿಗ್ಗಿಸಿದ್ದರು. ಹಿಗ್ಗಿಸಿ ಹಿಗ್ಗಿಸಿ ಮುಖವೇ ಮಸುಕು. ಪಕ್ಕದಲ್ಲಿ ವಿಮಾನ. ಮೇಲೆ ದೊಡ್ಡ ಅಕ್ಷರ: "ನಮ್ಮ ಲಿಂಕಿಂಗ್ ವರ್ಡ್ಸ್ ವಿಧಾನದ ಫಲ ನೋಡಿ!"

ಮೇಲೆ ನಡೆದದ್ದನ್ನು ಆಮೇಲೆ ಭಾಬಿಯ ಮಗಳು ನನಗೆ ಹೇಳಿದಳು. ನಮ್ಮ ಹುಡುಗಿ ದನಿ ಏರಿಸಲಿಲ್ಲವಂತೆ. ಸಾರ್, ನನ್ನ ಫೋಟೋ ತೆಗೀರಿ ಅಂದಳಂತೆ. ಆತ ನಕ್ಕು, "ಯಾಕಮ್ಮಾ, ನೀನು ಇಲ್ಲೇ ಕಲ್ತಿದ್ದು ತಾನೇ? ಪಾಸಾದೆ ತಾನೇ? ಮತ್ತೆ?" ಅಂದನಂತೆ.

"ಇಲ್ಲಿ ಕಲ್ತೆ, ಎರಡು ಸಲ ಫೇಲಾದೆ. ಇಲ್ಲಿಗೆ ಬರೋದು ಬಿಟ್ಟೆ, ಆಮೇಲೆ ಪಾಸಾದೆ. ನೀವು ಹಾಕಿರೋದು ಸುಳ್ಳು ಸಾರ್," ಅಂದಳಂತೆ. ಇಡೀ ಕ್ಲಾಸು ಕೇಳುತ್ತಿತ್ತು. "ಈ ಹುಡುಗಿಯರು ಏನು ಬರೀತಾರೆ ಅಂತ ಒಂದ್ಸಲ ಪೂರ್ತಿ ಓದಿ. ಅಷ್ಟೇ ಕೇಳೋದು ನಾನು."

"ಫ್ಲೆಕ್ಸಿಗೆ ದುಡ್ಡು ಕೊಟ್ಟಾಗಿದೆಯಮ್ಮ. ಮಕ್ಕಳಿಗೆ ಮೋಟಿವೇಷನ್."

"ತೆಗೀರಿ ಸಾರ್," ಅಂದಳಂತೆ ಮತ್ತೆ. ಆತ ಆಯಿತು ನೋಡೋಣ ಅಂದನಂತೆ. ಭಾಬಿಯ ಮಗಳು ಅವಳ ಜೊತೆಗೇ ಇಳಿದು ಬಂದಳು, ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಈಗ ಸಾಯಂಕಾಲ ನಮ್ಮ ಅಡುಗೆಮನೆಗೆ ಬರುತ್ತಾಳೆ, ಉರ್ದುವಿನಲ್ಲಿ ಹೇಳುತ್ತಾಳೆ. ಅರ್ಥವಾದಷ್ಟಕ್ಕೆ ನಾನು ಹ್ಞೂಂ ಅನ್ನುತ್ತೇನೆ, ಆಗದ ಕಡೆ ಭಾಬಿ ಗೋಡೆಯ ಮೇಲಿಂದ ಜಗಳಕ್ಕೆ ಬರುತ್ತಾರೆ.

ಹುಡುಗಿ ಐರ್ಲೆಂಡಿಗೆ ಹೋದಳು. ಐಸಿಯುನಲ್ಲೇ ಹಾಕಿದ್ದಾರೆ. ಮೊನ್ನೆ ಫೋನಿನಲ್ಲಿ, "ಇಲ್ಲಿ ಪಾಳಿ ಒಪ್ಪಿಸುವಾಗ ಯಾರೂ ಮೋರ್‌ಓವರ್ ಅನ್ನಲ್ಲ ದೊಡ್ಡಮ್ಮ, ಬಟ್ ಅಂತಾರೆ, ಸೋ ಅಂತಾರೆ, ಅಷ್ಟೇ," ಅಂದಳು. ಆ ಫ್ಲೆಕ್ಸು ಕೊನೆಗೆ ಏನಾಯಿತು ಅನ್ನುವುದನ್ನು ನಾನು ಹೇಳಲಿಲ್ಲ.

ಹೋದ ವಾರ ಒಂದು ಮದುವೆಗೆ ಅಂತ ಕೋಲಾರದಲ್ಲಿ ಇಳಿದೆ. ಆ ಮೇಷ್ಟ್ರು ಮಾತು ಉಳಿಸಿಕೊಂಡಿದ್ದಾನೆ. ಬ್ಲೇಡಿನಿಂದ ಅವಳ ಫೋಟೋ ಇದ್ದಷ್ಟು ಜಾಗವನ್ನು ಚೌಕವಾಗಿ ಕುಯ್ದು ತೆಗೆಸಿದ್ದಾನೆ. ಉಳಿದದ್ದೆಲ್ಲ ಹಾಗೇ ಇದೆ, ವಿಮಾನ, ಫೋನ್ ನಂಬರು, ಮೇಲೆ ದೊಡ್ಡ ಅಕ್ಷರದಲ್ಲಿ "ನಮ್ಮ ಲಿಂಕಿಂಗ್ ವರ್ಡ್ಸ್ ವಿಧಾನದ ಫಲ ನೋಡಿ!" ಅದರ ಕೆಳಗೆ ಬಾಗಿಲಗಲದ ತೂತು. ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಯಾರೋ ಒಬ್ಬಳು ತಾಯಿ ಮಗಳ ಕೈ ಹಿಡಿದು ಅದರ ಮುಂದೆ ನಿಂತು ನಂಬರು ಬರೆದುಕೊಳ್ಳುತ್ತಿದ್ದಳು.

ಮದುವೆ ಊಟ ತಪ್ಪಿತು. ನಾನು ಆ ತಾಯಿಯ ಪಕ್ಕಕ್ಕೆ ಹೋಗಿ ನಿಂತು, "ಅಮ್ಮಾ, ಸ್ವಲ್ಪ ಇಲ್ಲಿ ಕೇಳಿ," ಅಂದೆ.